ಬಾಡಿಗೆಗೆ ತಂದ ಊರು

ನಾನು ಕುಂದಾಪುರದವನಲ್ಲ. ಇಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಇಪ್ಪತ್ತೊಂದು ವರ್ಷ ಹಿಡಿಯಿತು. ಹೇಳಿದ ಮೇಲೂ ಚೆನ್ನೈನಲ್ಲಿ ಒಂದಿಬ್ಬರು ನಂಬಲಿಲ್ಲ. ಮಾಡಿದ ಮೋಸವನ್ನಾದರೂ ಅಚ್ಚುಕಟ್ಟಾಗಿ ಮಾಡಿದ್ದೆ ಎಂದು ಒಂದು ಕ್ಷಣ ಹೆಮ್ಮೆಯಾಯಿತು. ಪಶ್ಚಾತ್ತಾಪ ಪಡುವವನಿಗೆ ಈ ಹೆಮ್ಮೆ ಇರಬಾರದು ಅಂತ ಗೊತ್ತು. ಆದರೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆಂದು ಕೂತಿದ್ದೇನೆ, ಅದನ್ನೂ ಬರೆದಿದ್ದೇನೆ.

ನನ್ನ ಊರು ಮಂಡ್ಯದ ಹತ್ತಿರ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿ, ದೂರದ ಮಾವನೊಬ್ಬ ಕೆಲಸ ಕೊಡಿಸುತ್ತೇನೆಂದ ಎಂದು ಚೆನ್ನೈಗೆ ಬಂದೆ. ಪಲ್ಲಾವರಂನಲ್ಲಿ ಹೋಟೆಲುಗಳಿಗೆ ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರ್ ತಯಾರಿಸುವ ಒಂದು ಶೆಡ್ಡಿತ್ತು. ಅಲ್ಲಿ ಕಲ್ಲು ಕೂರಿಸುವುದು, ಮೋಟಾರು ಜೋಡಿಸುವುದು, ಬೇರಿಂಗ್ ಹಾಕುವುದು ಎಲ್ಲ ಕಲಿತೆ. ಸುಮಾರು ಮೂವತ್ತು ವರ್ಷ ಅದೇ ಶೆಡ್ಡು. ಆಮೇಲೆ ಶೆಡ್ಡಿನ ಯಜಮಾನ ತೀರಿಕೊಂಡ. ಅವನ ಮಕ್ಕಳಿಗೆ ಶೆಡ್ಡಿಗಿಂತ ಶೆಡ್ಡಿನ ಕೆಳಗಿನ ನೆಲ ಹೆಚ್ಚು ಇಷ್ಟವಾಯಿತು. ಹೀಗೆ ಐವತ್ತೊಂದನೇ ವಯಸ್ಸಿನಲ್ಲಿ ನಾನು ಸ್ವತಂತ್ರನಾದೆ.

ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಅಳಲಿಲ್ಲ. ಗಾಬರಿಯಿಂದ ಒಂದೇ ಪ್ರಶ್ನೆ ಕೇಳಿದಳು. "ಅಂಗಾರೆ ನಾಳೆಯಿಂದ ಇಡೀ ದಿನ ಮನೇಲೇ ಇರ್ತೀರಾ?"

ಆ ಪ್ರಶ್ನೆಯೇ ನನ್ನನ್ನು ಬೀದಿಗೆ ತಳ್ಳಿತು. ಕಾರ್ಡು ಅಚ್ಚು ಹಾಕಿಸಿದೆ, ಚೀಲಕ್ಕೆ ಪಾನಾ, ಉಳಿ, ಸುತ್ತಿಗೆ ತುಂಬಿಕೊಂಡೆ, ಹಳೆಯ ಮೊಪೆಡ್ ಹತ್ತಿ ಹೋಟೆಲಿನಿಂದ ಹೋಟೆಲಿಗೆ ಅಲೆದೆ. ನಾಲ್ಕು ತಿಂಗಳು ಅಲೆದು ಕಲಿತದ್ದು ಎರಡೇ. ಒಂದು, ರಿಪೇರಿಯವನನ್ನು ಅಡುಗೆಮನೆಗೆ ಬಿಟ್ಟುಕೊಳ್ಳುವುದು ಮಧ್ಯಾಹ್ನ ಮೂರು ಗಂಟೆಗೆ, ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು; ಬೇರೆ ಹೊತ್ತಿನಲ್ಲಿ ಹೋದರೆ ಬೈಗುಳವೇ ಗತಿ. ಎರಡು, ಕಾರ್ಡು ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಒಂದು ಹೋಟೆಲಿನ ಕಾವಲುಗಾರ ನನ್ನ ಕಾರ್ಡಿನ ಮೂಲೆಯಿಂದ ನನ್ನೆದುರೇ ಹಲ್ಲು ಕಡ್ಡಿ ಮಾಡಿಕೊಂಡ. ಕಂಪನಿಯವನಿಗೆ ಕಂಪನಿಯ ಹೆಸರಿರುತ್ತದೆ. ಒಂಟಿ ಕೆಲಸಗಾರನಿಗೆ ಯಾರಾದರೊಬ್ಬರು "ಇವರು ನಮ್ಮವರು" ಎನ್ನಬೇಕು. ನನ್ನನ್ನು ಹಾಗೆನ್ನುವವರು ಯಾರೂ ಇರಲಿಲ್ಲ.

ಕನ್ನಡದವರ ಹೋಟೆಲುಗಳಿಗೆ ಹೋದರೆ ಕೆಲಸ ಸಿಗಬಹುದೆಂದುಕೊಂಡೆ. ಹೆಚ್ಚಿನವು ಕರಾವಳಿಯವರವು. ಒಂದು ಕಡೆ "ಮಂಡ್ಯ" ಎಂದೆ. "ಹೌದಾ, ಒಳ್ಳೇದಾಯ್ತು" ಎಂದು ಕಾಫಿ ಕುಡಿಸಿ ಕಳಿಸಿದರು. ಕಾಫಿ ಚೆನ್ನಾಗಿತ್ತು. ಗ್ರೈಂಡರ್ ಮಾತ್ರ ಅವರ ಊರಿನವನೊಬ್ಬ ನೋಡಿಕೊಳ್ಳುತ್ತಿದ್ದ.

ಅದಾದ ಮರುವಾರ ವಡಪಳನಿಯ ಒಂದು ಹೋಟೆಲಿಗೆ ಹೋದೆ. ಗಲ್ಲಾದ ಮುಂದೆ ದಪ್ಪ ಕನ್ನಡಕದ ಯಜಮಾನರು ಕೂತಿದ್ದರು.

"ಎನ್ನ ವೇಣುಂ?" ಎಂದು ತಮಿಳಿನಲ್ಲಿ ಕೇಳಿದರು.

"ಗ್ರೈಂಡರ್ ರಿಪೇರಿ, ಸಾರ್."

"ಆಳು ಇರುಕ್ಕು" ಎಂದು ನೊಣ ಓಡಿಸಿದ ಹಾಗೆ ಕೈಯಾಡಿಸಿದರು.

ತಿರುಗಿ ಹೊರಟವನು ಮೆಟ್ಟಿಲಲ್ಲಿ ಎಡವಿ "ಅಯ್ಯೋ ದೇವ್ರೇ" ಎಂದೆ. ಹಿಂದಿನಿಂದ ದನಿ ಬಂತು.

"ಹ್ವಾಯ್! ಕನ್ನಡದವ್ರಾ? ಯಾವೂರಾಯ್ತ್?"

ಮಂಡ್ಯ ಎಂದರೆ ಇನ್ನೊಂದು ಲೋಟ ಕಾಫಿ. ನನಗೆ ಕಾಫಿ ಸಾಕಾಗಿತ್ತು.

"ಕುಂದಾಪುರ ಬದಿ" ಎಂದೆ.

ಈ ಮಾತು ಆಕಾಶದಿಂದ ಉದುರಲಿಲ್ಲ. ಮದುವೆಗೆ ಮುಂಚೆ ಮೂರು ವರ್ಷ ನಾನು ಒಬ್ಬ ಅಡುಗೆಯವನ ಜೊತೆ ಒಂದೇ ಕೋಣೆಯಲ್ಲಿದ್ದೆ. ಅವನು ಕುಂದಾಪುರದ ಹತ್ತಿರ ಹೊಳೆಯಾಚೆಯ ಒಂದು ಹಳ್ಳಿಯವನು. ಅಡುಗೆಮನೆಯಲ್ಲಿ ವಾರವಿಡೀ ಬಾಯಿ ಮುಚ್ಚಿಕೊಂಡಿದ್ದು, ಭಾನುವಾರ ನನ್ನ ಮೇಲೆ ಊರನ್ನು ಸುರಿಯುತ್ತಿದ್ದ. ಅವನ ಹೊಳೆ, ಅವನ ಶಾಲೆ, ಅವನ ಮನೆದೇವರು. ಒಂದು ಸಲ ದೋಣಿ ಮಗುಚಿ ಮೇಷ್ಟ್ರ ಚೀಲದಲ್ಲಿದ್ದ ಪರೀಕ್ಷೆಯ ಉತ್ತರಪತ್ರಿಕೆಗಳೆಲ್ಲ ನೀರುಪಾಲಾಗಿ, ಇಡೀ ತರಗತಿ ಪಾಸಾದ ಕಥೆಯನ್ನಂತೂ ನೂರು ಸಲ ಕೇಳಿದ್ದೆ. ಆಮೇಲೆ ಅವನು ಗಲ್ಫಿಗೆ ಹೋದ, ಸಂಪರ್ಕ ತಪ್ಪಿತು. ಊರನ್ನು ನನ್ನ ತಲೆಯಲ್ಲೇ ಬಿಟ್ಟುಹೋಗಿದ್ದ. ಖಾಲಿ ಬಿದ್ದ ಮನೆಗೆ ನಾನು ಬೀಗ ಒಡೆದು ಹೊಕ್ಕೆ.

"ಮೊದ್ಲೇ ಹೇಳೂಕಾಗ್ದಾ ಮಾರಾಯ್ರೆ!" ಯಜಮಾನರು ಎದ್ದೇ ನಿಂತರು. "ಬನ್ನಿ, ಬನ್ನಿ. ಮಾತ್ ಸ್ವಲ್ಪ ಘಟ್ಟದ ಮೇಲಿನವ್ರ ಹಾಂಗಿತ್ತಲ್ದಾ?"

"ಸಣ್ಣ ಪ್ರಾಯದಲ್ಲೇ ಊರ್ ಬಿಟ್ಟದ್. ಮಂಡ್ಯದಲ್ಲ್ ಚಿಕ್ಕಮ್ಮನ ಮನೆಲಿ ಓದಿದ್ದ್."

ಎಷ್ಟು ಸಲೀಸಾಗಿ ಬಂತೆಂದರೆ, ಇಲ್ಲದ ಆ ಚಿಕ್ಕಮ್ಮನ ಮುಖ ಕೂಡ ಕಣ್ಣೆದುರು ಬಂತು. ಒಳಗೆ ಕರೆದೊಯ್ದರು. ಗ್ರೈಂಡರ್ ಕೀರಲು ದನಿಯಲ್ಲಿ ಕಿರುಚುತ್ತಿತ್ತು. ಅರ್ಧ ಗಂಟೆಯಲ್ಲಿ ಬೇರಿಂಗ್ ಬದಲಿಸಿ, ನುಣ್ಣಗಾಗಿದ್ದ ಕಲ್ಲಿಗೆ ಉಳಿಯಿಂದ ಒರಟು ಕೊಟ್ಟೆ. ಕೆಲಸ ನನಗೆ ಗೊತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಯಜಮಾನರು ಅಲ್ಲೇ ನಿಂತು ಕೀಲ್ಪಾಕಿನ ತಮ್ಮ ಪೈಕಿಯವರಿಗೆ ಫೋನ್ ಮಾಡಿದರು. "ನಮ್ ಬದಿಯವ್ರೊಬ್ರ್ ಸಿಕ್ಕಿದ್ರ್. ಕೈ ಲಾಯ್ಕಿತ್ತ್" ಎಂದರು.

ಆ ಜನರ ಪದ್ಧತಿಯೇ ಹಾಗೆ. ಕೆಲಸಗಾರನ ಅನುಭವ ಕೇಳುವುದಿಲ್ಲ, ಮನೆ ಕೇಳುತ್ತಾರೆ. ಒಬ್ಬರು ಒಪ್ಪಿದರೆ ಒಂದು ಫೋನಿನಿಂದ ಇನ್ನೊಂದು ಫೋನಿಗೆ ಆ ಮಾತು ಹೋಗುತ್ತದೆ. ಆಮೇಲೆ ಬೆಲೆ ಮಾತಾಡುವುದೂ ಇಲ್ಲ, ಪರೀಕ್ಷೆ ಮಾಡುವುದೂ ಇಲ್ಲ. ಆರು ತಿಂಗಳಲ್ಲಿ ನನ್ನ ಕೈಯಲ್ಲಿ ಎಂಟು ಅಡುಗೆಮನೆಗಳಿದ್ದವು. ಜಾತಿಯನ್ನು ಯಾರೂ ನೇರವಾಗಿ ಕೇಳಲಿಲ್ಲ. ಮನೆದೇವರು ಯಾವುದು ಎಂದರು, ಅದೂ ಇದೂ ಒಂದೇ. ಗೆಳೆಯನ ಹಳ್ಳಿಯನ್ನೂ ಅವನ ಮನೆದೇವರನ್ನೂ ಹೇಳಿದೆ. ನಮ್ಮ ಮಂಡ್ಯದ ದೇವರು ಸಿಟ್ಟಾಗಿರಬಹುದು. ಆದರೆ ಆ ನಾಲ್ಕು ತಿಂಗಳಲ್ಲಿ ಆತ ನನಗೆ ಒಂದು ಬೋಲ್ಟೂ ಬಿಗಿಯುವ ಕೆಲಸ ಕೊಡಿಸಿರಲಿಲ್ಲ.

ಕೆಲಸ ಹುಡುಕುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ ಎನ್ನುತ್ತಾರೆ. ನನಗಂತೂ ಊರು ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಯಿತು. ವಡಪಳನಿಯ ಯಜಮಾನರು ಊರಿಗೆ ಹೋಗಿ ಬಂದಾಗಲೆಲ್ಲ ನನಗೊಂದು ಚೀಲ ಕುಚ್ಚಲಕ್ಕಿ ತರುತ್ತಿದ್ದರು. "ಊರಿನ ಗಂಜಿ ಇಲ್ದೆ ನಮ್ಗೆ ಸಮ ಆತಿಲ್ಲೆ ಅಲ್ದಾ?" ಎಂದರೆ ನಾನು ಕಣ್ಣು ಮುಚ್ಚಿ ನಿಟ್ಟುಸಿರು ಬಿಡುತ್ತಿದ್ದೆ. ಮನೆಯಲ್ಲಿ ಹೆಂಡತಿ ಆ ದಪ್ಪ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು "ಈ ಗೋಲಿಗುಂಡು ಯಾರ್ ತಿಂತಾರೆ?" ಎಂದು ಮೆಟ್ಟಿಲ ಕೆಳಗೆ ತಳ್ಳುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಸಭಾಂಗಣವೊಂದರಲ್ಲಿ ಯಕ್ಷಗಾನ ಇಟ್ಟಿದ್ದರು, ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಎಲ್ಲರೂ ಗಂಭೀರವಾಗಿ ಕೂತಿದ್ದಾಗ ನಾನೊಬ್ಬನೇ ಚಪ್ಪಾಳೆ ತಟ್ಟಿದೆ. ಪಕ್ಕದವರು ನನ್ನ ಕಡೆ ತಿರುಗಿದರು. "ಭಾಗವತರ ಸ್ವರ ಕಂಡ್ರ್ಯಾ!" ಎಂದು ಕಣ್ಣೊರೆಸಿಕೊಂಡೆ. ಅವರೂ ಮರುಕ್ಷಣವೇ ತಟ್ಟಿದರು. ನನಗಿಂತ ಕಡಿಮೆ ತಿಳಿದವರೆನ್ನಿಸಿಕೊಳ್ಳುವುದು ಅವರಿಗೂ ಬೇಕಿರಲಿಲ್ಲ.

ದೋಣಿಯ ಕಥೆಯನ್ನು ಎಂಟೂ ಅಡುಗೆಮನೆಯಲ್ಲಿ ಹೇಳಿದೆ. ಹೇಳಿ ಹೇಳಿ ಮುಳುಗಿದ ದೋಣಿಯಲ್ಲಿ ನಾನೇ ಕೂತಿದ್ದೆ ಎನ್ನುವಂತಾಯಿತು.

ಹೆಂಡತಿ ಹೇಳುತ್ತಿದ್ದಳು, "ಬೆಳಿಗ್ಗೆ ಎದ್ದಾಗ ಮಂಡ್ಯದೋರು, ಮೂರ್ ಗಂಟೆಗೆ ಕುಂದಾಪುರದೋರು. ಸಂಜೆಗಾದ್ರೂ ಒಂದ್ ಊರಿಗ್ ಬನ್ರೀ."

ಇಷ್ಟೇ ಆಗಿದ್ದರೆ ಇದು ತಮಾಷೆಯ ಕಥೆ. ನಾನು ಬರೆಯಲು ಕೂತದ್ದು ಇದಕ್ಕಲ್ಲ.

ಏಳು ವರ್ಷದ ಹಿಂದೆ ಒಂದು ದಿನ ವಡಪಳನಿಯ ಯಜಮಾನರು ಫೋನ್ ಮಾಡಿದರು. ದನಿಯಲ್ಲಿ ಹಬ್ಬವಿತ್ತು.

"ಹ್ವಾಯ್, ಒಂದ್ ಖುಷಿ ಸುದ್ದಿ. ನಿಮ್ಮೂರಿನವ್ರೇ ಒಬ್ರ್ ಬಂದಿದ್ರ್. ನಿಮ್ದೇ ಕೆಲ್ಸ, ಗ್ರೈಂಡರ್, ಮೋಟಾರು ಎಲ್ಲ ಬತ್ತಂಬ್ರ್. ಬೊಂಬಾಯಲ್ಲ್ ಇದ್ದದ್, ಅಲ್ಲಿ ಅಂಗಡಿ ಮುಚ್ಚಿತಂಬ್ರ್. ಹೆಂಡ್ತಿ ಮಕ್ಳ್ ಸಮೇತ ಇಲ್ಲಿಗೆ ಬಂದಿದ್ರ್. ನಿಮ್ಗೂ ಪ್ರಾಯ ಆಯ್ತ್, ಎರಡ್ ಮೂರ್ ಹೋಟ್ಲು ಅವ್ರಿಗ್ ಕೊಟ್ರಾಯ್ತಲ್ದಾ? ಮುಂದಿನ ವಾರ ಬಪ್ಪುಕೆ ಹೇಳಿದ್ದೆ. ನೀವೂ ಬನ್ನಿ. ಕೂತ್ಕಂಡ್ ಊರ್ ಸುದ್ದಿ ಮಾತಾಡ್ಲಕ್."

ಊರಿನವನೊಬ್ಬ ಎದುರು ಕೂತರೆ ನನ್ನ ಆಯಸ್ಸು ಐದು ನಿಮಿಷ. ಯಾವ ಮನೆ, ಯಾರ ಮಗ, ಯಾವ ವರ್ಷ ಶಾಲೆ ಬಿಟ್ಟಿರಿ ಎಂದು ಕೇಳಿದರೆ ಮುಗಿಯಿತು. ಒಂದು ಅಡುಗೆಮನೆಗೆ ಗೊತ್ತಾದರೆ ಸಂಜೆಯೊಳಗೆ ಎಂಟಕ್ಕೂ ಗೊತ್ತು.

"ಯಾವ ಮನೆಯವ್ರಂಬ್ರ್?" ಎಂದೆ.

"ಶಾಲೆ ಹಿಂದಿನ ಮನೆ ಅಂದ್ರ್."

ಮೆಲ್ಲಗೆ "ಓ... ಆ ಮನೆಯವ್ರಾ" ಎಂದೆ.

"ಎಂತಕ್ಕೆ? ಜನ ಸಮ ಇಲ್ಯಾ?"

"ನಂಗೆಂತಕ್ಕೆ ಬಿಡಿ. ಹೊಟ್ಟೆಪಾಡಿಗೆ ಬಂದವ್ರ್. ನಾ ಏನೂ ಹೇಳ್ಲಿಲ್ಲೆ ಕಾಣಿ."

ನಿಜವಾಗಿಯೂ ಏನೂ ಹೇಳಿರಲಿಲ್ಲ. ಆ ಮನೆ ಕಂಡವನಲ್ಲ, ಆ ಮನುಷ್ಯನನ್ನು ಕಂಡವನಲ್ಲ. ಅವನು ಕಳ್ಳ ಎಂದಿದ್ದರೆ ಯಜಮಾನರು ಏನು ಕದ್ದ ಎಂದು ಕೇಳುತ್ತಿದ್ದರು, ಸಾಕ್ಷಿ ಬೇಕಾಗುತ್ತಿತ್ತು. ನಾನು ಬಾಗಿಲನ್ನು ಒಂದಿಷ್ಟು ಓರೆ ಮಾಡಿ ಬಿಟ್ಟೆ. ಒಳಗೆ ಏನಿದೆಯೆಂದು ಅವರವರೇ ಊಹಿಸಿಕೊಂಡರು. ಆ ವಾರದಲ್ಲಿ ಉಳಿದವರಲ್ಲಿ ಮೂವರು ಯಜಮಾನರು ನನ್ನನ್ನು ಬೇರೆ ಬೇರೆಯಾಗಿ ಕೇಳಿದರು, "ಜನ ಹ್ಯಾಂಗೆ?" ನಾನು ಮೂರು ಸಲವೂ ತಲೆ ತಗ್ಗಿಸಿ "ನಾ ಎಂತ ಹೇಳೂದು" ಎಂದೆ. ಒಳ್ಳೆಯ ಮನುಷ್ಯ, ಊರಿನವರ ಮೇಲೆ ಒಂದು ಮಾತೂ ಆಡುವುದಿಲ್ಲ ಎಂದು ನನಗೆ ಹೆಸರು ಬೇರೆ ಬಂತು.

ಮುಂದಿನ ವಾರ ಅವನು ವಡಪಳನಿಗೆ ಬಂದ. ಯಾವ ದಿನ ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ. ನಾನು ಒಳಗೆ ಗ್ರೈಂಡರನ್ನು ಓರೆ ಮಾಡಿ, ಪಾತ್ರೆಯೊಳಗೆ ತಲೆ ತೂರಿಸಿ ಕಲ್ಲಿಗೆ ಉಳಿ ಹೊಡೆಯುತ್ತಿದ್ದೆ. ಹಿಂಬಾಗಿಲಿನಲ್ಲಿ ಮಾತು ಕೇಳಿಸಿತು.

"ಬಪ್ಪುಕೆ ಹೇಳಿದ್ರಿ, ಯಜಮಾನ್ರೆ."

"ಸದ್ಯಕ್ಕೆ ಬೇಡ ಮಾರಾಯ್ರೆ. ನಮ್ಗೆ ಜನ ಇದ್ರ್."

"ಅಡ್ಡಿಲ್ಲೆ. ನಮ್ಮೂರಿನವ್ರೊಬ್ರ್ ಇದ್ರ್ ಅಂದಿದ್ರಿ. ಅವ್ರನ್ನಾರೂ ಒಂದ್ಸಲ ಕಂಡ್ ಹೋಪ ಅಂದೇಳಿ..."

"ಅವ್ರ್ ಇವತ್ತ್ ಬರ್ಲಿಲ್ಲೆ."

ನನ್ನ ಮಾನ ಉಳಿಸಲು ಯಜಮಾನರೇ ಸುಳ್ಳು ಹೇಳಿದರು. ನನ್ನ ತಲೆ ಗ್ರೈಂಡರಿನೊಳಗಿತ್ತು; ಅಲ್ಲೇ ಇಟ್ಟುಕೊಂಡೆ. ತೋಳಿನ ಸಂದಿಯಿಂದ ನೋಡಿದರೆ ನಲವತ್ತರ ಆಸುಪಾಸಿನ ಮನುಷ್ಯ, ಹಣೆಯ ಮೇಲೆ ಒಂದು ಗಾಯದ ಗುರುತು, ಹೆಗಲ ಮೇಲೆ ನನ್ನದೇ ಥರದ ಚೀಲ. "ಹಾಂಗಾರೆ ಬತ್ತೆ" ಎಂದು ಹೋದ. ಬಿಸಿಲಿನಲ್ಲಿ ಬಂದಿದ್ದವನಿಗೆ ಯಾರೂ ಕಾಫಿ ಕೊಡಲಿಲ್ಲ. ಮಂಡ್ಯದವನಾದ ನನಗೆ ಅದಾದರೂ ಸಿಕ್ಕಿತ್ತು.

ಮೂರು ತಿಂಗಳ ಮೇಲೆ ಪಲ್ಲಾವರಂನ ಶುಕ್ರವಾರದ ಸಂತೆಗೆ ಹೋದೆ. ಅಲ್ಲಿ ಹಳೆಯ ಮೋಟಾರು, ಹಳೆಯ ಸ್ವಿಚ್ಚು, ಹಳೆಯದೆಲ್ಲವೂ ಸಿಗುತ್ತದೆ. ಬೇಕಾದರೆ ಹಳೆಯ ಪಾಪವೂ. ಟಾರ್ಪಾಲಿನ ಮೇಲೆ ರಿಪೇರಿ ಮಾಡಿದ ಮಿಕ್ಸಿಗಳನ್ನು ಸಾಲಾಗಿ ಇಟ್ಟುಕೊಂಡು ಅವನು ಕೂತಿದ್ದ. ಅದೇ ಹಣೆ, ಅದೇ ಚೀಲ. ಹೋಟೆಲಿನ ಗ್ರೈಂಡರ್ ಬಿಚ್ಚಿ ಜೋಡಿಸುವ ಕೈ, ಯಾರೋ ಅಜ್ಜಿಗೆ ಚಟ್ನಿ ಜಾರಿನ ಮುಚ್ಚಳ ಹಾಕಿ ತೋರಿಸುತ್ತಿತ್ತು.

ಆ ದಿನ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು.

"ನಿಮ್ ಬಾಯ್ಗ್ ಮಣ್ಣಾಕ. ಊರು ಕದ್ದಿದ್ದು ಸಾಲ್ದು ಅಂತ ಊರಿನವನ ಅನ್ನಾನೂ ಕದ್ರಾ?"

"ನಾನೇನೂ ಹೇಳಲಿಲ್ಲ ಕಣೇ."

"ಅದೇ ಅಲ್ವಾ ನಿಮ್ ರೋಗ."

ಮರುದಿನವೇ ಹೋಗಿ ಎಲ್ಲ ಸರಿಮಾಡಿದೆ ಎಂದು ಬರೆಯಬಹುದಾಗಿತ್ತು. ಬರೆಯಲಾರೆ. ಏಳು ವರ್ಷ ನಾನು ಸಂತೆಯಲ್ಲಿ ಅವನ ಸಾಲು ತಪ್ಪಿಸಿ ಓಡಾಡಿದೆ. ಹೆಂಡತಿ ಮಾತ್ರ ಆಗಾಗ ಹೋಗಿ ಅವನ ಹತ್ತಿರ ಏನಾದರೊಂದು ಕೊಂಡು ತರುತ್ತಿದ್ದಳು. ಇಬ್ಬರೇ ಇರುವ ನಮ್ಮ ಮನೆಯಲ್ಲಿ ಈಗ ನಾಲ್ಕು ಮಿಕ್ಸಿಗಳಿವೆ. ಬೆಳಿಗ್ಗೆ ಕಾಫಿ ಕುಡಿಯುವಾಗ ನಾಲ್ಕೂ ನನ್ನನ್ನೇ ನೋಡುತ್ತವೆ.

ಈ ವರ್ಷ ನನ್ನ ಬಲಗೈ ನಡುಗಲು ಶುರುವಾಯಿತು. ಉಳಿ ಕಲ್ಲಿನ ಮೇಲೆ ಕೂರಲೊಲ್ಲದು. ವಡಪಳನಿಯ ಯಜಮಾನರು ಎರಡು ವಾರ ನೋಡಿದರು. ಆಮೇಲೆ ಒಂದು ದಿನ ಗಲ್ಲಾದ ಪಕ್ಕದಲ್ಲಿ ಕುರ್ಚಿ ಹಾಕಿಸಿ ಕೂರಿಸಿದರು.

"ಸಾಕ್ ಮಾಡಿ. ನಿಮ್ ಜಾಗಕ್ಕೆ ನೀವೇ ಒಬ್ರನ್ನ ಹೇಳಿ. ನೀವ್ ಹೇಳಿದವ್ರನ್ನ ಎಂಟೂ ಕಡೆಯವ್ರು ತಕಂತ್ರ್. ಆದ್ರೆ ನಮ್ ಬದಿಯವ್ರೇ ಆಯ್ಕ್."

ಬೇರೆ ಯಾರದಾದರೂ ಹೆಸರು ಹೇಳಿ ಎದ್ದು ಬರಬಹುದಿತ್ತು. ಆದರೆ ನನಗೆ ಗೊತ್ತಿದ್ದ ಅವರ ಬದಿಯ ಮೆಕ್ಯಾನಿಕ್ ಇಡೀ ಚೆನ್ನೈನಲ್ಲಿ ಅವನೊಬ್ಬನೇ. ಅಷ್ಟು ವರ್ಷ ನಾನೇ ಕಾವಲು ನಿಂತು ಬೇರೆ ಯಾರೂ ಬರದ ಹಾಗೆ ನೋಡಿಕೊಂಡಿದ್ದೆನಲ್ಲ.

"ಶಾಲೆ ಹಿಂದಿನ ಮನೆಯವ್ರು ಒಬ್ರ್ ಬಂದಿದ್ರಲ್ದಾ, ಏಳ್ ವರ್ಷದ ಹಿಂದೆ" ಎಂದೆ.

"ಅವ್ರಾ? ಜನ ಸಮ ಇಲ್ಲೆ ಅಂದೇಳಿ ನೀವೇ ಹೇಳಿದ್ದಲ್ದಾ?"

"ನಾ ಹೇಳ್ಲಿಲ್ಲೆ."

"ಹೇಳ್ಲಿಲ್ಲೆ. ಆದ್ರೂ ಹೇಳಿದ್ರಿ."

ಆಗ ನಾನು ಕುಂದಾಪುರದ ಮಾತು ಬಿಟ್ಟು, ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅವರೊಡನೆ ನನ್ನ ಮಾತಿನಲ್ಲಿ ಮಾತಾಡಿದೆ.

"ಯಜಮಾನ್ರೇ, ನಾನು ನಿಮ್ಮ ಕಡೆಯೋನಲ್ಲ. ಮಂಡ್ಯದೋನು. ಆ ಮನೇನೂ ಗೊತ್ತಿಲ್ಲ, ಆ ಮನುಷ್ಯನೂ ಗೊತ್ತಿಲ್ಲ. ಅವ್ರು ಬಂದು ಕೂತ್ರೆ ನನ್ನ ಬಣ್ಣ ಬಯಲಾಗ್ತದೆ ಅಂತ ಅಂಗಂದೆ."

ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಒಬ್ಬ ಗಿರಾಕಿ ಬಿಲ್ಲು ಕೊಟ್ಟು ಹೋದ. ಅವನಿಗೆ ಚಿಲ್ಲರೆ ಕೊಟ್ಟ ಮೇಲೆ ನನ್ನ ಕಡೆ ತಿರುಗಿದರು.

"ಹಾಂಗಾರೆ ಆ ದೋಣಿ?"

"ಅದು ನನ್ನ ಗೆಳೆಯನದು."

"ನಾ ಅದನ್ನ ಮೊಮ್ಮಕ್ಳಿಗೆಲ್ಲ ಹೇಳಿದ್ದೆ. ನನ್ ಗುರ್ತಿನವ್ರಿಗೇ ಆದದ್ದ್ ಅಂದೇಳಿ." ಅವರ ಮುಖ ನಿಜವಾಗಿಯೂ ಬಾಡಿತು. "ಅಕ್ಕಿ?"

"ಇಡ್ಲಿಗೆ ನೆನೆ ಹಾಕ್ತಿದ್ದೋ, ಸಾಮಿ. ಉಳಿದಿದ್ದು ಮೆಟ್ಲು ಕೆಳಗದೆ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸುಲಭವಾಗುತ್ತಿತ್ತು. "ನಾನೂ ವಿಚಾರ್ಸದೆ ಬಾಗ್ಲ್ ಹಾಕಿದೆ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನತ್ತ ನೋಡದೆ, "ಆ ಮನುಷ್ಯನ್ನ ನೀವೇ ಕರ್ಕಂಡ್ ಬನ್ನಿ. ಇಲ್ದಿದ್ರೆ ನೀವೂ ಬಪ್ಪುದ್ ಬೇಡ" ಎಂದರು.

ಶುಕ್ರವಾರ ಸಂತೆಯಲ್ಲಿ ಅವನ ಟಾರ್ಪಾಲಿನ ಮುಂದೆ ಕೂತೆ. ಗಿರಾಕಿಯೆಂದುಕೊಂಡು ತಮಿಳಿನಲ್ಲಿ ಮಿಕ್ಸಿಯ ಗುಣಗಾನ ಶುರುಮಾಡಿದ. ನಾನು ಕನ್ನಡದಲ್ಲಿ ನಿಲ್ಲಿಸದೆ ಎಲ್ಲವನ್ನೂ ಹೇಳಿದೆ. ಅವನ ಕೈಯಲ್ಲಿ ಒಂದು ಜಾರಿತ್ತು. ಕೇಳುತ್ತ ಕೇಳುತ್ತ ಅದನ್ನು ಒರೆಸುತ್ತಲೇ ಇದ್ದ. ಕೊನೆಗೆ ಅದನ್ನು ಕೆಳಗಿಟ್ಟ.

"ನೀವಾ ಅದ್?"

"ನಾನೇ."

"ನಾ ನಮ್ ಭಾವ ಅಂತ ಮಾಡಿದ್ದೆ ಮಾರಾಯ್ರೆ!" ಎರಡೂ ಕೈ ತಲೆಯ ಮೇಲೆ ಹೊತ್ತ. "ಅವ್ನಿಗೆ ವಡಪಳನಿಯವ್ರ ಪರಿಚಯ ಇದ್ದಿತ್. ಅವ್ನೇ ಏನೋ ಚಾಡಿ ಹೇಳಿದ್ದ ಅಂದೇಳಿ ಏಳ್ ವರ್ಷ ಮಾತ್ ಬಿಟ್ಟಿದ್ದೆ. ಅವ್ನ ಮಗಳ ಮದಿಗೂ ಹೋಯ್ಲಿಲ್ಲೆ. ಹೆಂಡ್ತಿನ್ನೂ ಕಳ್ಸ್ಲಿಲ್ಲೆ. ಅವ್ಳ ಅಣ್ಣ ಅವ, ಸ್ವಂತ ಅಣ್ಣ!"

ಈ ಜಗಳ, ಈ ತಪ್ಪಿದ ಮದುವೆ ನನಗೆ ಗೊತ್ತಿರಲಿಲ್ಲ. ಅವನ ಕೆಲಸ ಹಾಳುಮಾಡಿದ್ದೇನೆ ಎಂದಷ್ಟೇ ಲೆಕ್ಕ ಹಾಕಿಕೊಂಡು ಬಂದಿದ್ದೆ. ನಾನು ಓರೆ ಮಾಡಿ ಬಿಟ್ಟ ಬಾಗಿಲಿನಿಂದ ಯಾವ ಮನೆಗೆಲ್ಲ ಗಾಳಿ ನುಗ್ಗಿತ್ತೋ!

ಅವನು ಅಲ್ಲೇ ಫೋನ್ ತೆಗೆದು ನಂಬರ್ ಒತ್ತಿದ. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಭಾವಾ, ನಾನ್ ಮಾತಾಡೂದ್."

"ಯಾರ್ ತೀರ್ಕಂಡ್ರ್?" ಎಂದಿತು ಆ ದನಿ.

"ಯಾರೂ ಇಲ್ಲೆ ಮಾರಾಯಾ. ಸುಮ್ನೆ ಮಾಡ್ದೆ."

"ಏಳ್ ವರ್ಷದ್ ಮೇಲೆ ಸುಮ್ನೆಯಾ? ಕುಡ್ದಿದ್ಯಾ?"

ಅವನು ನನ್ನ ಕಡೆ ಒಂದು ನೋಟ ಹರಿಸಿ ಎದ್ದು ಹೋಗಿ, ಹಳೆಯ ಸೈಕಲ್ಲುಗಳ ಗುಡ್ಡೆಯ ಹಿಂದೆ ನಿಂತು ತುಂಬ ಹೊತ್ತು ಮಾತಾಡಿದ. ಅಷ್ಟರಲ್ಲಿ ಒಬ್ಬಳು ಬಂದು ಮಿಕ್ಸಿ ಕೇಳಿದಳು. ನಾನೇ ತೋರಿಸಿದೆ, ಅವಳು ಕೊಳ್ಳಲಿಲ್ಲ. ಅವನು ವಾಪಸ್ಸು ಬಂದಾಗ ಕಣ್ಣು ಕೆಂಪಗಿತ್ತು.

"ನಿಮ್ಗೆ ಒಂದ್ ಬಿಡೂದೇ ಸೈ ಅಂತ್ ಕಾಂತತ್ತ್" ಎಂದ. "ಆದ್ರೆ ಪ್ರಾಯದವ್ರ್. ಬಿದ್ರೆ ನಾನೇ ಎತ್ಕಂಡ್ ಆಸ್ಪತ್ರೆಗೆ ಹೋಯ್ಕ್."

"ಕೆಲಸ ನಿಮ್ಮದು. ಬನ್ನಿ" ಎಂದೆ.

"ಹಾಂಗೆ ಬತ್ತಿಲ್ಲೆ. ಎಂಟೂ ಕಡೆಗ್ ನೀವೇ ಬನ್ನಿ. ನನ್ನೆದ್ರೇ, ಅಡುಗೆಯವ್ರೆದ್ರೇ ಹೇಳಿ. ಹೋಟ್ಲಿನವ್ರೆಲ್ಲ ಕೇಳ್ಕ್. ಅದಾದ್ಮೇಲೆ ಕೆಲ್ಸ."

ಹೋದೆವು. ನನ್ನ ಮೊಪೆಡ್ಡಿನ ಹಿಂದೆ ಅವನು, ಎಂಟು ಮಧ್ಯಾಹ್ನ, ಮೂರು ಗಂಟೆಗೆ. ಮೊದಲ ಅಡುಗೆಮನೆಯಲ್ಲಿ ಅರ್ಧಕ್ಕೆ ನಿಂತೆ. ಎರಡನೆಯದರಲ್ಲಿ ಅತ್ತೆ. ಮೂರನೆಯ ಕಡೆ ಒಬ್ಬ ಅಡುಗೆಯವನು ನಕ್ಕುಬಿಟ್ಟ, ಅದರಿಂದ ಸ್ವಲ್ಪ ಧೈರ್ಯ ಬಂತು. ಐದನೆಯ ಕಡೆ ಹೊತ್ತಿಗೆ ಕುಚ್ಚಲಕ್ಕಿಯ ಪ್ರಸಂಗವನ್ನು ಎಲ್ಲಿ ಸೇರಿಸಬೇಕು, ಯಕ್ಷಗಾನದ ಚಪ್ಪಾಳೆಯನ್ನು ಎಲ್ಲಿ ತಟ್ಟಬೇಕು ಎಂಬುದೆಲ್ಲ ಕುದುರಿತ್ತು. ಇಡೀ ಅಡುಗೆಮನೆ ಹೊಟ್ಟೆ ಹಿಡಿದು ನಕ್ಕಿತು. ಒಬ್ಬರು ನನಗೆ ಬಾದಾಮಿ ಹಾಲು ಕೊಟ್ಟರು.

ಹೊರಗೆ ಬಂದ ಮೇಲೆ ಅವನು ಮೊಪೆಡ್ ಹತ್ತಲಿಲ್ಲ.

"ನಿಮ್ಗೆ ಇದ್ ಖುಷಿ ಆತಿತ್ತಲ್ದಾ?" ಎಂದ.

ನಾನು ತುಟಿಗಂಟಿದ್ದ ಹಾಲನ್ನು ಒರೆಸಿಕೊಂಡೆ.

"ಮದಿ ತಪ್ಪಿದ್ದ್ ನನ್ ಹೆಂಡ್ತಿಗೆ. ಬಾದಾಮಿ ಹಾಲ್ ನಿಮ್ಗೆ."

ಆರನೆಯ ಕಡೆಯಿಂದ ಮೂರೇ ವಾಕ್ಯ ಹೇಳಿದೆ. ನಾನು ನಿಮ್ಮ ಕಡೆಯವನಲ್ಲ. ಇವರ ಮೇಲೆ ಅನುಮಾನ ಹುಟ್ಟಿಸಿದವನು ನಾನು. ಇವರಲ್ಲಿ ಏನೂ ತಪ್ಪಿಲ್ಲ. ಯಾರೂ ನಗಲಿಲ್ಲ, ಯಾರೂ ಏನೂ ಕುಡಿಸಲಿಲ್ಲ. ಹಾಗೆ ಹೇಳುವುದು ಎಷ್ಟು ಕಷ್ಟವೆಂದು ಅಲ್ಲಿ ಗೊತ್ತಾಯಿತು.

ಎಂಟನ್ನೂ ಅವನಿಗೆ ಒಪ್ಪಿಸುತ್ತೇನೆಂದು ಹೊರಟವನ ಕೈಯಲ್ಲಿ ಎಂಟಿರಲಿಲ್ಲ. ಒಂದು ಹೋಟೆಲು ಆ ತಿಂಗಳ ಕೊನೆಗೆ ಮುಚ್ಚುವುದರಲ್ಲಿತ್ತು. ಎರಡು ಕಡೆ ಇನ್ನು ಮುಂದೆ ರುಬ್ಬುವುದೇ ಇಲ್ಲ, ಡ್ರಮ್ಮಿನಲ್ಲಿ ಸಿದ್ಧ ಹಿಟ್ಟು ತರಿಸುತ್ತೇವೆಂದರು. ಕೀಲ್ಪಾಕಿನವರ ಮಗ ಹೊಸ ಯಂತ್ರ ಹಾಕಿಸಿ ಕಂಪನಿಗೇ ಅದರ ಉಸ್ತುವಾರಿ ಕೊಟ್ಟಿದ್ದ. ನಮ್ಮ ಮಾತೆಲ್ಲ ಕೇಳಿ "ಸಾರಿ ಅಂಕಲ್" ಎಂದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದ, ಯಾವುದಕ್ಕೆಂದು ನನಗೆ ತಿಳಿಯಲಿಲ್ಲ. ಉಳಿದದ್ದು ನಾಲ್ಕು. ಏಳು ವರ್ಷದ ಹಿಂದೆ ಎಂಟೂ ಇದ್ದವು. ಆಗ ಸುಮ್ಮನೆ "ನಂಗೊತ್ತಿಲ್ಲೆ" ಎಂದಿದ್ದರೂ ಎರಡು ಮೂರು ಅವನಿಗೆ ಬರುತ್ತಿದ್ದವು. ನಾನು ಇದನ್ನು ಜೋರಾಗಿ ಹೇಳಲಿಲ್ಲ. ಅವನೂ ಹೇಳಲಿಲ್ಲ, ಆದರೆ ನಾಲ್ಕು ಬೆರಳು ಮಡಚಿ ಒಮ್ಮೆ ನೋಡಿಕೊಂಡದ್ದನ್ನು ಕಂಡೆ.

ಆ ನಾಲ್ಕು ಕಡೆಯ ಯಂತ್ರಗಳನ್ನು ಒಂದೊಂದಾಗಿ ಅವನಿಗೆ ತೋರಿಸಿಕೊಟ್ಟೆ. ಒಂದೊಂದಕ್ಕೂ ಒಂದೊಂದು ಚಾಳಿಯಿದೆ. ಇದರ ಸ್ವಿಚ್ಚು ಮಳೆಗಾಲದಲ್ಲಿ ಮುನಿಯುತ್ತದೆ, ಅದರ ಕಲ್ಲು ಒಂದು ಪಕ್ಕ ಬೇಗ ಸವೆಯುತ್ತದೆ. ಎಲ್ಲವನ್ನೂ ಹೇಳಿದೆ, ವಡಪಳನಿಯದರ ಒಂದು ಗುಟ್ಟು ಬಿಟ್ಟು. ಅಲ್ಲಿ ನೆಲ ವಾರೆ. ಮೋಟಾರಿನ ಹಿಂದಿನ ಕಾಲಿನ ಕೆಳಗೆ ನಾನು ಸೈಕಲ್ ಟ್ಯೂಬಿನ ಎರಡು ಮಡಿಕೆ ಇಟ್ಟಿದ್ದೇನೆ. ಗೊತ್ತಿಲ್ಲದವನು ಮೋಟಾರು ಬಿಚ್ಚಿದರೆ ಆ ತುಂಡು ಕೆಳಗೆ ಬೀಳುತ್ತದೆ, ಕಸವೆಂದು ಗುಡಿಸುತ್ತಾರೆ, ಆಮೇಲೆ ವಾರಕ್ಕೊಮ್ಮೆ ಬೆಲ್ಟು ಜಾರುತ್ತದೆ. ಆಗ ನನ್ನನ್ನೇ ಕರೆಯಬೇಕು. ಕೈ ನಡುಗುವ ಮುದುಕನನ್ನು ಯಾರಾದರೂ ಕರೆಯಲಿ ಎಂಬ ಆಸೆ, ಅಷ್ಟೆಲ್ಲ ಅತ್ತ ಮೇಲೂ ಒಳಗೆ ಹಾಗೇ ಕೂತಿತ್ತು.

ಎರಡು ದಿನ ತಡೆದೆ. ಮೂರನೆಯ ದಿನ ಬೆಳಿಗ್ಗೆ ಫೋನ್ ಮಾಡಿ ಟ್ಯೂಬಿನ ವಿಷಯ ಹೇಳಿದೆ.

"ಅದ್ ನಿನ್ನೆಯೇ ಸಿಕ್ತ್" ಎಂದ. "ಬಿತ್ತ್, ಮತ್ತೆ ಅಲ್ಲೇ ಇಟ್ಟೆ. ನೀವ್ ಯಾವಾಗ ಹೇಳ್ತ್ರಿ ಅಂದೇಳಿ ಕಾಯ್ತಿದ್ದೆ. ಇನ್ನೆಂತಾರೂ ಇತ್ತಾ?"

"ಇಲ್ಲ" ಎಂದು ಫೋನ್ ಇಟ್ಟೆ.

ಎದುರಿಗೆ ಹೆಂಡತಿ ಕೂತಿದ್ದಳು. ಕಣ್ಣೆತ್ತಿ ನನ್ನನ್ನು ನೋಡಿದಳು. ನಾನು ಮತ್ತೆ ಫೋನ್ ಎತ್ತಿಕೊಂಡು, ಇಲ್ಲಿ ಬರೆಯದೆ ಬಿಟ್ಟ ಇನ್ನೊಂದು ಯಂತ್ರದ ಗುಟ್ಟು ಇತ್ತು, ಅದನ್ನೂ ಅವನಿಗೆ ಹೇಳಿದೆ.